ಶಬಾಲಿಯೇ ಅವರ ಬಿಳಿ ಚೀಟಿ

ಆನ್ಸೆಲ್ಮ್ ಶಬಾಲಿಯೇ ಬಲು ದೊಡ್ಡ ಮನುಷ್ಯರೆಂದು ನಮ್ಮ ಮೊಂತ್‌ಬ್ರಿಯಾಕಿನಲ್ಲಿ ಈಗ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಇಪ್ಪತ್ತೆರಡು ವರ್ಷ ಅವರ ವಾರಪತ್ರಿಕೆಗೆ ಅಚ್ಚುಮೊಳೆ ಜೋಡಿಸಿದವಳು ನಾನು, ಝೆಲೀ ಫೊಜೆರೊನ್. ಅವರ ಅಳತೆ ನನಗೆ ಗೊತ್ತು. ಪ್ಯಾರಿಸ್ಸಿನ ಸಂಸತ್ತಿನಲ್ಲಿ ಆರುನೂರು ಜನರ ನಡುವೆ ಒಬ್ಬರಾಗಿದ್ದರು. ಅಲ್ಲಿ ಹದಿನಾಲ್ಕು ವರ್ಷದಲ್ಲಿ ನಾಲ್ಕು ಸಲ ಎದ್ದು ಮಾತಾಡಿದರು. ಎರಡು ಸಲ ನಮ್ಮ ಹಸಿರು ಮಸೂರದ ಬಗ್ಗೆ, ಒಂದು ಸಲ ನಮ್ಮೂರಿನ ರೈಲಿನ ಬಗ್ಗೆ. ನಾಲ್ಕನೆಯ ಸಲ ಎದುರು ಪಕ್ಷದವರು ಕೂಗಿ ಕೂರಿಸಿಬಿಟ್ಟರು. ಒಮ್ಮೆ ಹತ್ತೊಂಬತ್ತು ದಿನ ಉಪಮಂತ್ರಿಯೂ ಆಗಿದ್ದರು. ಕಚೇರಿಯಲ್ಲಿ ಯಾವ ಬಾಗಿಲು ಎಲ್ಲಿಗೆ ಹೋಗುತ್ತದೆಂದು ತಿಳಿಯುವ ಮೊದಲೇ ಸರ್ಕಾರ ಬಿದ್ದುಹೋಯಿತು.

ಅವರ ಪತ್ರಿಕೆಯ ಹೆಸರು ‘ಕಣಿವೆಯ ಕಾವಲು’. ಇಗರ್ಜಿ, ಉಳುವ ಭೂಮಿ, ಸೈನ್ಯ, ಹಿರಿಯರ ಮಾತು, ಇವಿಷ್ಟೇ ಅದರ ಸರಕು. ನನ್ನ ಅಪ್ಪ ಕಲ್ಲುಕುಟಿಗ, ಸಾಯುವವರೆಗೆ ಕೆಂಪು ಬಾವುಟದವರಿಗೇ ಓಟು ಹಾಕಿದವನು. ಶಬಾಲಿಯೇ ಅವರ ಲೇಖನಗಳನ್ನು ಮೊಳೆಮೊಳೆಯಾಗಿ ಜೋಡಿಸುವಾಗ ನಾನು ಎಷ್ಟೋ ಸಲ ನಾಲಿಗೆ ಕಚ್ಚಿಕೊಂಡಿದ್ದೇನೆ. ಕಚ್ಚಿಕೊಳ್ಳದೆ ಹೋದ ದಿನ ಅವರು ಕನ್ನಡಕದ ಮೇಲಿಂದ ನೋಡಿ ಹೇಳುತ್ತಿದ್ದರು: "ಏನಮ್ಮ ಝೆಲೀ, ನಿಮ್ಮಪ್ಪ ಇವತ್ತು ಗೋರಿಯಿಂದ ಎದ್ದು ಬಂದ್ನಾ?"

"ಬಂದಿದ್ರೆ ನಿಮ್ಮ ಈ ಮೂರನೇ ಪ್ಯಾರಾ ಓದಿ ವಾಪಸ್ ಹೋಗಿ ಮಲಗ್ತಿದ್ದ, ಯಜಮಾನ್ರೇ."

ಅವರು ನಗುತ್ತಿದ್ದದ್ದು ಅಚ್ಚುಕೂಟದಲ್ಲಿ ಮಾತ್ರ. ಮಗ ಎತಿಯೆನ್ ಯುದ್ಧದ ಮೊದಲನೆಯ ಚಳಿಗಾಲದಲ್ಲೇ ಸತ್ತ. ಹೆಂಡತಿ ಓದಿಲ್ ಮರುವರ್ಷ ಹೋದಳು. ಆಮೇಲೆ ಅವರು ಮನೆಯ ಉದ್ದನೆಯ ಮೇಜಿನಲ್ಲಿ ಗೋಡೆಗೆ ಮುಖಮಾಡಿ ಊಟಕ್ಕೆ ಕೂರುತ್ತಿದ್ದರಂತೆ, ಎದುರಿಗೆ ಖಾಲಿ ಕುರ್ಚಿಗಳು ಕಾಣಬಾರದೆಂದು. ಕೆಲಸದಾಕೆಯೇ ನನಗೆ ಹೇಳಿದ್ದು. ಸೋಮವಾರದಿಂದ ಗುರುವಾರದವರೆಗೆ ಪ್ಯಾರಿಸ್ಸಿನಲ್ಲಿ ರೈಲು ನಿಲ್ದಾಣದ ಪಕ್ಕದ ಹೋಟೆಲಿನ ಒಂದೇ ಕೋಣೆ. ಶುಕ್ರವಾರ ಬೆಳಿಗ್ಗೆ ರೈಲಿಳಿದವರು ಮನೆಗೆ ಹೋಗದೆ ನೇರ ಅಚ್ಚುಕೂಟಕ್ಕೆ ಬಂದು, ಪುಟ ಕಟ್ಟುವ ಕಲ್ಲುಮೇಜಿನ ಮೂಲೆಯಲ್ಲಿ ನನ್ನ ಡಬ್ಬಿಯ ಮಸೂರ ಹಂಚಿಕೊಂಡು ತಿನ್ನುತ್ತಿದ್ದರು. ಅದನ್ನು ಬಿಟ್ಟರೆ ವಾರದಲ್ಲಿ ಅವರು ಇನ್ನೊಬ್ಬರ ಎದುರು ಕೂತು ಉಂಡದ್ದು ನನಗೆ ಗೊತ್ತಿಲ್ಲ. ನನಗಾದರೂ ಮದುವೆಯಿರಲಿಲ್ಲ, ಮಕ್ಕಳಿರಲಿಲ್ಲ. ಹಾಗೆಂದು ನಾವಿಬ್ಬರೂ ಒಂದು ದಿನವೂ ಆ ಮಾತು ಎತ್ತಲಿಲ್ಲ.

ಇಲ್ಲಿ ಸಂಸತ್ತಿನ ಒಂದು ಪದ್ಧತಿ ಹೇಳಬೇಕು. ಪ್ರತಿ ಸದಸ್ಯನ ಹೆಸರಿನಲ್ಲೂ ಎರಡು ಬಗೆಯ ಚೀಟಿ ಅಚ್ಚಾಗಿರುತ್ತದೆ. ಒಪ್ಪಿಗೆಗೆ ಬಿಳಿ, ವಿರೋಧಕ್ಕೆ ನೀಲಿ. ಊರಿಗೆ ಹೋದವರು, ಕಾಫಿ ಕುಡಿಯಲು ಹೊರಗೆ ಹೋದವರು, ನಿದ್ದೆ ಹೋದವರು, ಇವರೆಲ್ಲರ ಚೀಟಿಪೆಟ್ಟಿಗೆಗಳನ್ನು ಪಕ್ಷದ ಒಬ್ಬನೇ ಆಸಾಮಿ ಇಟ್ಟುಕೊಂಡು ಎಲ್ಲರ ಪರವಾಗಿ ಹಾಕಿಬಿಡುತ್ತಾನೆ. ಅವನನ್ನು ಪೆಟ್ಟಿಗೆಯವನು ಎನ್ನುತ್ತಾರೆ. ನಾಲ್ಕೈದು ಡಜನ್ ಪೆಟ್ಟಿಗೆಗಳ ನಡುವೆ ಅವನ ಕೈ ತಪ್ಪುತ್ತದೆ, ಬಿಳಿಯ ಬದಲು ನೀಲಿ, ನೀಲಿಯ ಬದಲು ಬಿಳಿ ಬೀಳುತ್ತದೆ. ಮರುದಿನ ಸದಸ್ಯ ಒಂದು ತಿದ್ದುಪಡಿ ಕೊಟ್ಟರೆ ಮುಗಿಯಿತು. ಎಣಿಕೆ ಬದಲಾಗುವುದಿಲ್ಲ, ಮಾನ ಉಳಿಯುತ್ತದೆ. ವರ್ಷಕ್ಕೆ ಐದಾರು ಸಲ ನಮ್ಮ ಪತ್ರಿಕೆಯಲ್ಲೂ ಅದು ಬರುತ್ತಿತ್ತು: ‘ಸಹೋದ್ಯೋಗಿಯ ಕೈತಪ್ಪಿನಿಂದ ಶ್ರೀ ಶಬಾಲಿಯೇ ಅವರ ಹೆಸರು ಇಂಥ ಮಸೂದೆಯ ಪರವಾಗಿ ಲೆಕ್ಕಕ್ಕೆ ಬಂದಿದೆ. ಅವರ ಇಂಗಿತ ಅದಾಗಿರಲಿಲ್ಲ.’ ಪ್ರತಿ ಸಲ ಹೊಸದಾಗಿ ಯಾರು ಜೋಡಿಸುತ್ತಾರೆ? ಜೋಡಿಸಿದ ಆ ಸಾಲುಗಳ ಮೊಳೆಗಳನ್ನು ಬಿಚ್ಚದೆ ದಾರ ಕಟ್ಟಿ ಗೂಡಿನಲ್ಲಿ ಇಟ್ಟಿದ್ದೆ. ಮಸೂದೆಯ ಹೆಸರು, ತಾರೀಕು ಬದಲಾಯಿಸಿದರೆ ಸಾಕು. ನನ್ನ ಚುರುಕುತನದ ಬಗ್ಗೆ ನನಗೆ ಹೆಮ್ಮೆಯೂ ಇತ್ತು.

ಇನ್ನು ಫಿಲೊಮೆನಮ್ಮ. ಕೆರೆಬೀದಿಯ ಕೊನೆಯ ಮನೆಯಲ್ಲಿ ಮಡಿಲಲ್ಲಿ ದಿಂಬಿಟ್ಟುಕೊಂಡು ಕಸೂತಿಯ ಜಾಲರಿ ನೇಯುತ್ತಿದ್ದ ವಿಧವೆ. ಅವಳ ಒಬ್ಬನೇ ಮಗ ಸಿಪ್ರಿಯೆ ರುಶೊನ್. ಅವನನ್ನು ಜರ್ಮನರು ಕೊಲ್ಲಲಿಲ್ಲ. ಸಾವಿರದ ಒಂಬೈನೂರ ಹದಿನೈದನೆಯ ಇಸವಿಯ ವಸಂತದಲ್ಲಿ ಅವನ ತುಕಡಿ ಕಂದಕದಿಂದ ಮೇಲೆದ್ದು ದಾಳಿಗೆ ಹೋಗಲು ಒಪ್ಪಲಿಲ್ಲವೆಂದು ನಮ್ಮ ಸೈನ್ಯವೇ ನಾಲ್ವರನ್ನು ಕಂಬಕ್ಕೆ ಕಟ್ಟಿ ಗುಂಡು ಹೊಡೆಯಿತು. ಅವರಲ್ಲಿ ಇವನೊಬ್ಬ. ಆಗ ಎತಿಯೆನ್ ಸತ್ತು ಮೂರು ತಿಂಗಳಾಗಿತ್ತು. ಶಬಾಲಿಯೇ ನಾಲ್ಕು ಸಾಲು ಬರೆದರು: ಈ ಕಣಿವೆಯ ಒಬ್ಬ ಮಗ ಬೆನ್ನು ತೋರಿಸಿದ್ದಾನೆ, ಅವನ ಹೆಸರನ್ನು ನಾವು ಮರೆಯುವುದೇ ಅವನಿಗೆ ಮಾಡುವ ಉಪಕಾರ. ಹೆಸರು ಹಾಕಿರಲಿಲ್ಲ. ಹಾಕುವ ಅಗತ್ಯವೂ ಇರಲಿಲ್ಲ. ಆ ಸಾಲುಗಳನ್ನು ಜೋಡಿಸಿದ್ದು ಈ ಕೈಗಳೇ.

ಮುಂದಿನ ಭಾನುವಾರದಿಂದ ಇಗರ್ಜಿಯಲ್ಲಿ ಫಿಲೊಮೆನಮ್ಮನ ಬೆಂಚಿನಲ್ಲಿ ಯಾರೂ ಕೂರಲಿಲ್ಲ. ಯುದ್ಧ ಮುಗಿದ ಮೇಲೆ ಚೌಕದಲ್ಲಿ ಸ್ಮಾರಕದ ಕಲ್ಲು ನೆಟ್ಟಾಗ ಅರವತ್ತೊಂದು ಹೆಸರು ಕೆತ್ತಿದರು. ಸಿಪ್ರಿಯೆಯ ಹೆಸರು ಬಿಟ್ಟರು. ಸಮಿತಿಯ ಅಧ್ಯಕ್ಷರು ಶಬಾಲಿಯೇ ಅವರೇ.

ಆ ಹೆಂಗಸಿಗೆ ಓದು ಬಾರದು. ಆದರೂ ಪ್ರತಿ ಶನಿವಾರ ಅಚ್ಚುಕೂಟದ ಮುಂದೆ ಪತ್ರಿಕೆ ಮಾರುವ ನಮ್ಮ ಕಟಕಟೆಗೆ ಬಂದು ಪತ್ರಿಕೆ ಕೊಂಡು ನನ್ನ ಕೈಗೇ ವಾಪಸು ಕೊಡುತ್ತಿದ್ದಳು.

"ನಮ್ಮ ಹುಡುಗನ್ ಬಗ್ಗೆ ಏನಾದ್ರೂ ಇದ್ಯಾ ನೋಡೇ."

"ಇಲ್ಲ, ಫಿಲೊಮೆನಮ್ಮ."

"ಸರಿ ಬಿಡು. ಮುಂದಿನ್ ವಾರ ನೋಡೋಣ." ಪತ್ರಿಕೆಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗುತ್ತಿದ್ದಳು. ಹದಿನೇಳು ವರ್ಷ ಹೀಗೇ ನಡೆಯಿತು. ಅವಳು ಬರುವ ಹೊತ್ತಿಗೆ ಶಬಾಲಿಯೇ ಒಳಗೆ ಕಲ್ಲುಮೇಜಿನ ಹತ್ತಿರ ಇದ್ದರೆ ಏನೋ ಹುಡುಕುವವರ ಹಾಗೆ ಕಾಗದದ ಕೋಣೆಗೆ ಹೋಗಿಬಿಡುತ್ತಿದ್ದರು.

ಮೂವತ್ತೆರಡನೆಯ ಇಸವಿಯ ಜನವರಿ. ಯುದ್ಧದಲ್ಲಿ ನಮ್ಮವರಿಂದಲೇ ಗುಂಡೇಟು ತಿಂದವರ ಮೊಕದ್ದಮೆಗಳನ್ನು ಮತ್ತೆ ವಿಚಾರಿಸಬೇಕೆಂಬ ಮಸೂದೆ ಸಂಸತ್ತಿಗೆ ಬಂತು. ಶಬಾಲಿಯೇ ಅವರ ಪಕ್ಷ ಒಗ್ಗಟ್ಟಾಗಿ ವಿರೋಧಿಸುವುದೆಂದು ತೀರ್ಮಾನವಾಗಿತ್ತು. ಮಂಗಳವಾರ ಓಟು ನಡೆಯಿತು. ಗುರುವಾರ ಓಟಿನ ಪಟ್ಟಿಯಿದ್ದ ಸರ್ಕಾರಿ ಗೆಜೆಟ್ಟು ನಮ್ಮ ಕೈಗೆ ಬಂತು. ನೋಡಿದರೆ ಬಿಳಿ ಚೀಟಿಗಳ ಪಟ್ಟಿಯಲ್ಲಿ, ಸಮಾಜವಾದಿಗಳ ನಡುವೆ, ಶಬಾಲಿಯೇ!

ಅರ್ಧ ಗಂಟೆಯಲ್ಲಿ ನೋಟರಿ ಪೆಲಿಸಿಯೇ ಓಡೋಡಿ ಬಂದರು. ಪತ್ರಿಕೆಯ ಹೆಚ್ಚಿನ ಪಾಲು ಅವರದು, ಚುನಾವಣಾ ಸಮಿತಿಯೂ ಅವರ ಜೇಬಿನಲ್ಲೇ.

"ಏನ್ ಝೆಲೀ ಇದು? ಮೇ ತಿಂಗಳಲ್ಲಿ ಚುನಾವಣೆ ಇಟ್ಕೊಂಡು ಇದೇನ್ ಹುಚ್ಚಾಟ?"

"ಪೆಟ್ಟಿಗೆಯವನ ಕೈ ಜಾರಿರ್ಬೇಕು, ನೋಟರಿ ಸಾಹೇಬ್ರೇ. ಹೊಸದಾ ಇದು?"

"ಹಾಗಿದ್ರೆ ನಿನ್ ದಾರದ ಕಟ್ಟು ತೆಗಿ. ದೊಡ್ಡ ಮೊಳೇಲಿ ಹಾಕು, ಮೊದಲ್ನೇ ಪುಟದಲ್ಲೇ."

ಅದಕ್ಕೂ ಮೊದಲೇ, ಬುಧವಾರ, ಶಬಾಲಿಯೇ ಅವರಿಂದ ಒಂದು ತಂತಿ ಬಂದಿತ್ತು: ‘ಮೊದಲ ಪುಟದಲ್ಲಿ ಎರಡು ಅಂಕಣ ಖಾಲಿ ಇಡಿ. ಬಂದು ನಾನೇ ಬರೆಯುತ್ತೇನೆ.’ ಪೆಟ್ಟಿಗೆಯವನ ಮೇಲೆ ಬೆಂಕಿ ಕಾರುತ್ತಾರೆಂದು ನಾನು ತಿಳಿದೆ. ಬೇರೆ ಏನು ತಿಳಿಯಲಿ? ಆ ಮನುಷ್ಯನ ಅಲ್ಪವಿರಾಮ ಎಲ್ಲಿ ಬೀಳುತ್ತದೆಂದು ಅವರಿಗಿಂತ ಮೊದಲೇ ನನಗೆ ಗೊತ್ತಾಗುತ್ತಿತ್ತು.

ಶುಕ್ರವಾರ ಬೆಳಿಗ್ಗೆ ಫಿಲೊಮೆನಮ್ಮ ಬಂದಳು. ಅವಳು ಶನಿವಾರ ಬಿಟ್ಟು ಬೇರೆ ದಿನ ಬಂದದ್ದು ಅದೇ ಮೊದಲು. ತಲೆಗೆ ಹಬ್ಬದ ಟೋಪಿ ಕಟ್ಟಿದ್ದಳು.

"ಅಂಚೆಯವನು ಹೇಳ್ದ ಕಣೇ. ಅವ್ರು ನಮ್ಮ ಹುಡುಗನ್ ಕಡೆ ಹಾಕಿದ್ರಂತೆ, ಹೌದಾ?"

ಆಸೆ ಹುಟ್ಟಿಸಿ ನಾಳೆ ಕಸಿದುಕೊಳ್ಳುವುದಕ್ಕಿಂತ ಈಗಲೇ ಹೇಳುವುದು ಒಳ್ಳೆಯದೆಂದುಕೊಂಡೆ. "ಅದು ಕೈತಪ್ಪು ಅಂತ ಕಾಣತ್ತೆ ಅಮ್ಮ. ಮನಸ್ಸಿಗೆ ಹಚ್ಕೋಬೇಡಿ."

"ಅವ್ರು ಹೇಳಿದ್ರಾ ಹಾಗಂತ?"

"ಇನ್ನೂ ಇಲ್ಲ."

"ಹಾಗಿದ್ರೆ ನಾಳೆ ಬರ್ತೀನಿ. ಪೇಪರಲ್ಲಿ ಏನಿರತ್ತೋ ಅದೇ ನಿಜ."

ಆ ದಿನ ಬೆಟ್ಟದ ಮೇಲೆ ಉತ್ತರದ ಗಾಳಿ ಎದ್ದು ಹಳಿಗಳ ಮೇಲೆ ಹಿಮ ಗುಡ್ಡೆಹಾಕಿತ್ತು. ಹತ್ತು ಗಂಟೆಯ ರೈಲು ಬರಲಿಲ್ಲ. ಹನ್ನೆರಡಾಯಿತು, ಬರಲಿಲ್ಲ. ಹಳ್ಳಿಗಳಿಗೆ ಪತ್ರಿಕೆ ಒಯ್ಯುವ ಅಂಚೆ ಬಸ್ಸು ಒಂದೂವರೆಗೆ ಹೊರಡುತ್ತದೆ, ಯಾರಿಗೂ ಕಾಯುವುದಿಲ್ಲ. ಎರಡು ಅಂಕಣ ಖಾಲಿ ಇಟ್ಟು ಪತ್ರಿಕೆ ಹೊರಡಿಸಲಾದೀತೇ? ಗೂಡಿನಿಂದ ಕಟ್ಟು ತೆಗೆದೆ. ಮಸೂದೆಯ ಹೆಸರು, ತಾರೀಕು ಹಾಕಿದೆ. ಉಳಿದ ಜಾಗಕ್ಕೆ ಮಸೂರದ ಬಿತ್ತನೆಯ ಹಳೆಯ ಲೇಖನ ತುಂಬಿದೆ. ಪುಟ ಕಟ್ಟಿ ಯಂತ್ರಕ್ಕೆ ಕೊಟ್ಟೆ. ಯಜಮಾನರ ಮಾನ ಕಾಪಾಡಿದೆನೆಂದು ನೆಮ್ಮದಿಯಾಗಿ ಡಬ್ಬಿ ಬಿಚ್ಚಿ, ಅವರ ಪಾಲು ತೆಗೆದಿಟ್ಟು ಉಂಡೆ.

ಮೂರು ಗಂಟೆಗೆ ಶಬಾಲಿಯೇ ಬಂದರು. ಮೀಸೆಯ ಮೇಲೆಲ್ಲ ಹಿಮ. ಕೋಟಿನ ಒಳಜೇಬಿನಿಂದ ನಾಲ್ಕು ಹಾಳೆ ತೆಗೆಯುತ್ತಲೇ ಕಲ್ಲುಮೇಜಿನ ಮೇಲಿದ್ದ ಪತ್ರಿಕೆ ನೋಡಿದರು. ನಿಂತೇ ಓದಿದರು. ಎರಡು ಸಲ ಓದಿದರೆಂದು ಕಣ್ಣು ಚಲಿಸಿದ್ದರಲ್ಲೇ ತಿಳಿಯಿತು.

"ಬಸ್ಸು ಹೋಯ್ತಾ?"

"ಹೋಯ್ತು ಯಜಮಾನ್ರೇ. ನಿಮಗೆ ಕಾದ್ವಿ, ರೈಲೇ ಬರ್ಲಿಲ್ಲ."

"ಪೆಟ್ಟಿಗೆಯವನದ್ದು ತಪ್ಪಿಲ್ಲ, ಝೆಲೀ. ನನ್ನ ಪೆಟ್ಟಿಗೇನ ಅವನ ಕೈಯಿಂದ ನಾನೇ ಇಸ್ಕೊಂಡೆ. ನಾನೇ ಎದ್ದು ಹೋಗಿ ಬಿಳಿ ಚೀಟಿ ಹಾಕ್ದೆ."

ಮೊಳೆಪೆಟ್ಟಿಗೆಗೆ ಒರಗಿಕೊಂಡೆ. "ತಂತೀಲಿ ಒಂದ್ ಮಾತು ಹೇಳ್ಬಾರ್ದಿತ್ತಾ?"

"ಬಂದು ಬರೀತೀನಿ ಅಂದಿದ್ನಲ್ಲ."

ಬೈಯಲಿಲ್ಲ. ಬೈದಿದ್ದರೆ ನಾನೂ ಎರಡು ಮಾತಾಡಿ ಹಗುರಾಗುತ್ತಿದ್ದೆ. ಕಲ್ಲುಮೇಜಿನ ಮೂಲೆಯಲ್ಲಿ ಕೂತು, ಡಬ್ಬಿಯನ್ನು ದೂರ ಸರಿಸಿ ಹೇಳಿದರು. ಮಸೂದೆಗೆ ಮೊದಲು ಕಡತಗಳನ್ನು ಸದಸ್ಯರಿಗೆ ಓದಲು ಕೊಟ್ಟಿದ್ದರಂತೆ. ಯಾರೂ ಓದಲಿಲ್ಲ, ಇವರು ಓದಿದರು. ತುಕಡಿಯ ನೂರೈವತ್ತು ಜನರಲ್ಲಿ ನಾಲ್ವರನ್ನು ಆರಿಸಲು ಟೋಪಿಯಲ್ಲಿ ಚೀಟಿ ಹಾಕಿ ಎತ್ತಿಸಿದ್ದರು.

"ಸಿಪ್ರಿಯೆ ಅವತ್ತು ಬೆಳಿಗ್ಗೆ ನೀರು ತರೋಕೆ ಹಿಂದಕ್ಕೆ ಹೋಗಿದ್ದ. ಅವ್ರು ಮೇಲೇಳಲ್ಲ ಅಂದಾಗ ಅವನು ಅಲ್ಲಿರ್ಲೇ ಇಲ್ಲ. ವಾಪಸ್ ಬಂದಾಗ ಟೋಪೀಲಿ ಒಂದೇ ಚೀಟಿ ಉಳಿದಿತ್ತಂತೆ, ಅದೇ ಸಾವಿನ ಚೀಟಿ." ಕನ್ನಡಕ ತೆಗೆದು ಒರೆಸಿದರು. "ಹದಿನೇಳು ವರ್ಷ ಆ ಹೆಂಗಸಿನ ಮುಖ ನೋಡ್ದೆ ರಸ್ತೆ ದಾಟಿದೀನಿ ನಾನು."

ಶನಿವಾರ ಫಿಲೊಮೆನಮ್ಮ ಬಂದಾಗ ಅವರು ಕಾಗದದ ಕೋಣೆಗೆ ಹೋಗಲಿಲ್ಲ. ಹೊರಗೆ ಕಟಕಟೆಗೆ ಬಂದು ಹ್ಯಾಟು ತೆಗೆದು ನಿಂತರು. ಅವಳು ಅವರನ್ನು ನೋಡಲಿಲ್ಲ, ಪತ್ರಿಕೆಯನ್ನು ನನ್ನ ಕೈಗೆ ಕೊಟ್ಟಳು. "ಓದು."

ಓದಿದೆ. ಬೇರೆ ದಾರಿ ಇರಲಿಲ್ಲ.

"ಅಮ್ಮಾ, ಅದು ಸುಳ್ಳು," ಎಂದರು ಶಬಾಲಿಯೇ. "ಇವರು ಗೊತ್ತಿಲ್ದೆ ಹಾಕಿದಾರೆ. ಆ ಓಟು ನಂದೇ."

ಅವಳು ನಿಧಾನವಾಗಿ ಪತ್ರಿಕೆ ಮಡಚಿದಳು. "ಪೇಪರು ನಿಮ್ದೇ ಅಲ್ವೇ? ನನ್ ಮಗ ಹೇಡಿ ಅಂತ ಬಂದಾಗ ಊರೆಲ್ಲ ನಂಬ್ತು. ನಾನೂ ಒಂದ್ ನಾಲ್ಕು ದಿನ ನಂಬಿದ್ದೆ. ಈಗ ಇದನ್ನ ನಂಬ್ಬೇಡ ಅಂತೀರಿ. ಯಾವ ಶನಿವಾರದ್ದು ನಂಬ್ಲಿ ಸ್ವಾಮೀ?"

ಉತ್ತರಕ್ಕೆ ಕಾಯದೆ ಹೋದಳು. ಆಮೇಲೆ ಅವಳು ಕಟಕಟೆಗೆ ಬರಲಿಲ್ಲ. ಅವರು ಎರಡು ಸಲ ಕೆರೆಬೀದಿಗೆ ಹೋಗಿದ್ದರು. ಬಾಗಿಲು ತೆರೆಯಲಿಲ್ಲವೆಂದು ಎದುರುಮನೆಯವರು ಹೇಳಿದರು.

ಮುಂದಿನ ವಾರ ಆ ನಾಲ್ಕು ಹಾಳೆಯ ಲೇಖನ ಮೊದಲ ಪುಟದಲ್ಲಿ ಬರಬೇಕಿತ್ತು. ನೋಟರಿ ಬಂದು ಕಲ್ಲುಮೇಜಿನ ಮೇಲೆ ಎರಡೂ ಕೈ ಊರಿದರು. "ಶಬಾಲಿಯೇ, ಸುಮ್ನಿದ್ಬಿಡಿ. ಎಲ್ರೂ ಕ್ಷಮಿಸಿದಾರೆ."

"ನಾನು ಕ್ಷಮೆ ಕೇಳಿಲ್ವಲ್ಲ, ನೋಟರಿ."

ಕೊನೆಗೆ ನಾಲ್ಕು ಹಾಳೆ ಹೋಗಿ ಹನ್ನೆರಡು ಸಾಲು ಉಳಿಯಿತು, ಮೊದಲ ಪುಟ ಹೋಗಿ ಮೂರನೆಯದಾಯಿತು. ಪ್ರತಿ ಮೊಳೆಯನ್ನೂ ಬೆರಳಿನಿಂದ ತಡವಿ ತಡವಿ ಜೋಡಿಸಿದೆ. ಓಟು ನನ್ನದೇ, ಕೈ ನನ್ನದೇ, ಅದನ್ನು ತಿದ್ದುವುದಿಲ್ಲ ಎಂದಿತ್ತು. ಊರು ಏನು ಮಾಡಿತು ಗೊತ್ತೇ? ನಕ್ಕಿತು. ಪ್ರೀತಿಯಿಂದಲೇ ನಕ್ಕಿತು.

"ಎಂಥಾ ದೊಡ್ಡತನ ನೋಡು," ಎಂದ ಕಾಫಿಯಂಗಡಿಯವನು. "ಪಾಪದ ಪೆಟ್ಟಿಗೆಯವನ ಕೆಲಸ ಹೋಗ್ಬಾರ್ದು ಅಂತ ತನ್ ಮೇಲೆ ಹಾಕ್ಕೊಂಡಿದಾರೆ. ನಮ್ಮ ಶಬಾಲಿಯೇನಾ, ಬಿಳಿ ಚೀಟಿ ಹಾಕೋದಾ? ಬಿಡಪ್ಪ!"

ಮೇ ತಿಂಗಳಲ್ಲಿ ಹಿಂದೆಂದಿಗಿಂತ ಹೆಚ್ಚು ಓಟಿನಿಂದ ಗೆದ್ದರು. ಆ ದಿನ ಅಚ್ಚುಕೂಟಕ್ಕೆ ಬಂದು ನನ್ನ ಎದುರು ಕೂತು ನಕ್ಕರು. ಆ ನಗು ನನಗೆ ಹಿಡಿಸಲಿಲ್ಲ. "ಇಪ್ಪತ್ತು ವರ್ಷ ಇವ್ರಿಗೆ ಏನ್ ಬರೆದ್ರೂ ನಂಬಿದ್ರು, ಝೆಲೀ. ಇದೊಂದು ಬಿಟ್ಟು."

ಯುದ್ಧ ನಿಂತ ದಿನವಾದ ನವೆಂಬರ್ ಹನ್ನೊಂದು ಬಂತು. ಆ ದಿನ ಸ್ಮಾರಕದ ಮುಂದೆ ಸತ್ತವರ ಹೆಸರು ಕೂಗುವುದು, ಪ್ರತಿ ಹೆಸರಿಗೂ ನೆರೆದವರೆಲ್ಲ ‘ಫ್ರಾನ್ಸಿಗಾಗಿ ಮಡಿದ’ ಎಂದು ಓಗೊಡುವುದು ನಮ್ಮ ಪದ್ಧತಿ. ಕೂಗುವುದು ಪ್ರತಿ ವರ್ಷವೂ ಶಬಾಲಿಯೇ ಅವರೇ. ಚಳಿಯಲ್ಲಿ ಮುನ್ನೂರು ಜನ ನಿಂತಿದ್ದೆವು. ನಾನು ಎರಡನೆಯ ಸಾಲಿನಲ್ಲಿದ್ದೆ. ಫಿಲೊಮೆನಮ್ಮ ಯಾವಾಗಿನಂತೆ ದೂರದಲ್ಲಿ, ಬಟ್ಟೆ ಒಗೆಯುವ ತೊಟ್ಟಿಯ ಹತ್ತಿರ.

ಶಬಾಲಿಯೇ ತಮ್ಮ ಮಗನ ಹೆಸರನ್ನು ಉಳಿದವರ ಹೆಸರಿನ ಹಾಗೆಯೇ ಕೂಗಿದರು, ದನಿ ಅಲುಗಲಿಲ್ಲ. ಅಕ್ಷರಕ್ರಮದಲ್ಲಿ ಹೆಸರುಗಳು ಮುಂದೆ ಹೋದವು. ಪಾಜೆಸ್ ಮನೆಯ ಮೂವರು ಅಣ್ಣತಮ್ಮಂದಿರ ಹೆಸರು ಮುಗಿಯಿತು. ಶಬಾಲಿಯೇ ಕೈಯ ಕಾಗದ ಮಡಚಿ ಜೇಬಿಗಿಟ್ಟರು.

"ರುಶೊನ್, ಸಿಪ್ರಿಯೆ."

ಯಾರೂ ಓಗೊಡಲಿಲ್ಲ. ಬಾವುಟದ ಹಗ್ಗ ಕಂಬಕ್ಕೆ ಬಡಿಯುವ ಸದ್ದು ಕೇಳುತ್ತಿತ್ತು. ಮುಂದಿನ ಹೆಸರಿಗೆ ಹೋಗಬಹುದಿತ್ತು, ಅವರು ಹೋಗಲಿಲ್ಲ. ಮತ್ತೊಮ್ಮೆ ಕೂಗಿದರು. ಆಗ ಅವರ ಕಣ್ಣು ಜನರ ಮೇಲೆ ಹಾಯುತ್ತ ಬಂದು ನನ್ನ ಮೇಲೆ ನಿಂತಿತು. ನೋಟರಿಯನ್ನು ಬಿಟ್ಟರೆ, ಆ ಓಟು ಅವರದೇ ಎಂದು ಆ ಚೌಕದಲ್ಲಿ ಸಂಶಯವಿಲ್ಲದೆ ಗೊತ್ತಿದ್ದವಳು ನಾನೊಬ್ಬಳೇ. ನನ್ನ ಪಕ್ಕದಲ್ಲಿ ನೋಟರಿ ನಿಂತಿದ್ದರು. ನನ್ನ ಬಾಯಿ ತೆರೆಯಲಿಲ್ಲ. ಹೆದರಿಕೆಯೋ, ನಾಚಿಕೆಯೋ, ಮುನ್ನೂರು ಜನರ ನಡುವೆ ಒಂಟಿ ದನಿ ಎತ್ತುವ ಅಭ್ಯಾಸವಿಲ್ಲದ್ದೋ, ಇಂದಿಗೂ ಹೇಳಲಾರೆ.

ಶಬಾಲಿಯೇ ತಾವೇ ಕೂಗಿ, ತಾವೇ ಓಗೊಟ್ಟರು: "ಫ್ರಾನ್ಸಿಗಾಗಿ ಮಡಿದ."

ಆಮೇಲೆ ಉಳಿದ ಹೆಸರುಗಳನ್ನು ಕಾಗದ ನೋಡದೆಯೇ ಮುಗಿಸಿದರು. ತೊಟ್ಟಿಯ ಕಡೆ ತಿರುಗಿ ನೋಡಿದೆ. ಫಿಲೊಮೆನಮ್ಮ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದಳು.

ಅವರು ಆ ಮಧ್ಯಾಹ್ನ ಎಂದಿನಂತೆ ಅಚ್ಚುಕೂಟಕ್ಕೆ ಬಂದು ಕರಡು ತಿದ್ದಿದರು. ನನ್ನನ್ನು ಒಂದು ಮಾತೂ ಕೇಳಲಿಲ್ಲ. ನಾನು ಡಬ್ಬಿ ಮುಂದಿಟ್ಟಾಗ, "ಹಸಿವಿಲ್ಲ, ನೀವು ಉಣ್ಣಿ," ಎಂದರು. ಅಂದಿನಿಂದ ಅವರು ಕಲ್ಲುಮೇಜಿನಲ್ಲಿ ಉಣ್ಣಲಿಲ್ಲ. ಮರುವರ್ಷ ಹೆಸರು ಕೂಗಲು ಸಮಿತಿಯವರು ಶಾಲೆಯ ಮೇಷ್ಟರನ್ನು ಕರೆದರು. ಊರಿನವರು ಯಾರೂ ಅವರೊಡನೆ ಜಗಳಕ್ಕೆ ಹೋಗಲಿಲ್ಲ. ಮಾತು ಕಡಿಮೆ ಮಾಡಿದರು, ಅಷ್ಟೇ. ಇಗರ್ಜಿಯಲ್ಲಿ ಅವರ ಬೆಂಚೂ ಖಾಲಿಯಾಗತೊಡಗಿತು.

ಮೂವತ್ತನಾಲ್ಕರ ಫೆಬ್ರುವರಿಯಲ್ಲಿ ಪ್ಯಾರಿಸ್ಸಿನ ಹೋಟೆಲಿನ ಕೋಣೆಯಲ್ಲಿ ಎದೆಶೀತದಿಂದ ಸತ್ತರು. ಬೆಳಗಿನ ಕಾಫಿ ತಂದ ಹೆಂಗಸಿಗೆ ಗೊತ್ತಾಯಿತಂತೆ. ಮೇಜಿನ ಮೇಲೆ ಅರ್ಧ ಬರೆದ ಲೇಖನವಿತ್ತು, ಮಸೂರದ ಬಗ್ಗೆ.

ಶ್ರದ್ಧಾಂಜಲಿ ಬರೆದವರು ನೋಟರಿ. ‘ಜೀವಮಾನದಲ್ಲಿ ಒಮ್ಮೆಯೂ ತನ್ನ ಪಾಳೆಯ ಬಿಟ್ಟು ಅತ್ತಿತ್ತ ಹೆಜ್ಜೆ ಇಡದ ಧೀರ’ ಎಂಬ ಸಾಲು ಬಂದಾಗ ನನ್ನ ಕೈ ನಿಂತಿತು. ಆ ಸಾಲನ್ನು ಜೋಡಿಸಿದೆ. ಜೋಡಿಸಿ, ಪುಟದ ಕೆಳಗೆ ತಿದ್ದುಪಡಿಯ ಮೂಲೆಯಲ್ಲಿ ಯಾರನ್ನೂ ಕೇಳದೆ ಇಷ್ಟು ಸೇರಿಸಿದೆ: ‘ಎರಡು ವರ್ಷದ ಹಿಂದೆ ಜನವರಿಯಲ್ಲಿ ಈ ಪತ್ರಿಕೆಯಲ್ಲಿ ಬಂದ ತಿದ್ದುಪಡಿ ಸುಳ್ಳು. ಗುಂಡಿಗೆ ಬಲಿಯಾದವರ ಮಸೂದೆಗೆ ಶ್ರೀ ಶಬಾಲಿಯೇ ಬಿಳಿ ಚೀಟಿಯನ್ನು ತಾವೇ ಹಾಕಿದ್ದರು. ಸಿಪ್ರಿಯೆ ರುಶೊನ್ ಬೆನ್ನು ತೋರಿಸಿದವನಲ್ಲ, ನೀರು ತರಲು ಹೋಗಿದ್ದವನು. ತಪ್ಪು ಮೊಳೆ ಜೋಡಿಸಿದವಳದು. ಝೆಲೀ ಫೊಜೆರೊನ್.’

ಸೋಮವಾರ ನೋಟರಿ ನನ್ನನ್ನು ಕೆಲಸದಿಂದ ಬಿಡಿಸಿದರು. ಅದು ನನಗೆ ಗೊತ್ತೇ ಇತ್ತು, ಅದರ ದುಃಖವಿಲ್ಲ.

ಅದಕ್ಕೂ ಮೊದಲು, ಆ ಶನಿವಾರವೇ, ಪತ್ರಿಕೆ ಹಿಡಿದು ಕೆರೆಬೀದಿಗೆ ಹೋಗಿದ್ದೆ. ನನಗೆ ಬಾಗಿಲು ತೆರೆಯಿತು. ಫಿಲೊಮೆನಮ್ಮ ದಿಂಬನ್ನು ಮಡಿಲಿನಿಂದ ಇಳಿಸದೆಯೇ ಕೇಳಿದಳು. ಮೂರು ಸಲ ಓದಿಸಿದಳು. ‘ನೀರು ತರಲು’ ಎಂಬಲ್ಲಿ ಪ್ರತಿ ಸಲವೂ ತಲೆಯಾಡಿಸಿದಳು, ಮಗ ನೀರಿಗೆ ಹೋದದ್ದು ಸರಿಯೇ ಎಂಬ ಹಾಗೆ.

"ಈ ಶನಿವಾರದ್ದು ನಂಬಿ ಅಮ್ಮಾ," ಎಂದೆ.

"ನಾನು ಅವತ್ತೇ ನಂಬ್ದೆ ಕಣೇ, ಚೌಕದಲ್ಲಿ. ಒಬ್ರೇ ಕೂಗಿ ಒಬ್ರೇ ಓಗೊಟ್ರಲ್ಲ, ಅವತ್ತೇ." ಜಾಲರಿಯ ದಾರವನ್ನು ಬೆರಳಿಗೆ ಸುತ್ತಿಕೊಂಡಳು. "ನಾನು ಓಗೊಡೋಕಾಗ್ದೆ ಮುಖ ಮುಚ್ಕೊಂಡೆ. ನಾನು ಹೆತ್ತವಳು. ನಿಂಗೇನಾಗಿತ್ತು, ಝೆಲೀ? ಅವ್ರು ನಿನ್ನೇ ನೋಡ್ತಾ ಇದ್ರು."